ವ್ರತಕಾಲವೂ ಸಭಾಶಿಸ್ತೂ: ಬಳ್ಳಾರಿ ಸೀಮೆಯ ಕ್ರೈಸ್ತ ಸಭೆಗಳ ಇತಿಹಾಸದಲ್ಲಿ ಒಂದು ವಿವೇಚನೆ

೧

ಈಸ್ಟರ್ ಹಬ್ಬಕ್ಕೆ ಮುಂಚಿನ ನಾಲ್ವತ್ತು ದಿನಗಳನ್ನು ಉಪವಾಸ, ಪ್ರಾರ್ಥನೆ, ದಾನಗಳಲ್ಲಿ ಕಳೆಯುವ ಪದ್ಧತಿ ಕ್ರೈಸ್ತ ಜಗತ್ತಿನ ಬಹುಭಾಗದಲ್ಲಿ ಪ್ರಾಚೀನಕಾಲದಿಂದಲೂ ನಡೆದುಬಂದಿದೆ. ಕನ್ನಡದ ಕಥೋಲಿಕರು ಇದನ್ನು ತಪಸ್ಸುಕಾಲವೆನ್ನುತ್ತಾರೆ. ಪ್ರಾಟೆಸ್ಟಂಟರಲ್ಲಿ ಲೆಂಟ್ ಎಂಬ ಹೆಸರೇ ರೂಢಿಯಾಗಿದೆ. ಬೂದಿ ಬುಧವಾರದಂದು ಮೊದಲಾಗಿ ಈಸ್ಟರಿನ ಹಿಂದಿನ ಶನಿವಾರಕ್ಕೆ ಮುಗಿಯುವ ಈ ಅವಧಿ ಎಣಿಕೆಗೆ ೪೬ ದಿನಗಳಾಗುತ್ತದೆ. ಆದರೆ ನಡುವೆ ಬರುವ ಆರು ಭಾನುವಾರಗಳು ಉಪವಾಸಕ್ಕೆ ಸಲ್ಲವಾದುದರಿಂದ ಅವನ್ನು ಕಳೆದು ೪೦ ಎಂದೇ ಲೆಕ್ಕ.

ಕಮಲಾಪುರ, ಹಂಪೆಗಳ ಪರಿಸರದಲ್ಲಿ ನಿಂತು ಈ ವಿಷಯವನ್ನು ನೋಡುವವರಿಗೆ ಒಂದು ಸಂಗತಿ ಥಟ್ಟನೆ ಗೋಚರಿಸುತ್ತದೆ. ಈಸ್ಟರ್ ಚಂದ್ರನನ್ನು ಅನುಸರಿಸುವ ಹಬ್ಬ; ಮಾರ್ಚ್ ೨೧ರಂದು ಅಥವಾ ಅನಂತರ ಬರುವ ಮೊದಲನೆಯ ಹುಣ್ಣಿಮೆಯ ಮುಂದಿನ ಭಾನುವಾರ ಅದು ಬೀಳುತ್ತದೆ. ಹಂಪೆಯ ವಿರೂಪಾಕ್ಷನ ಬ್ರಹ್ಮರಥೋತ್ಸವವೂ ಚೈತ್ರ ಶುದ್ಧ ಹುಣ್ಣಿಮೆಗೆ ಸೇರಿದುದು. ಆದುದರಿಂದ ಎಷ್ಟೋ ವರ್ಷ ಇವೆರಡೂ ಒಂದೇ ಹುಣ್ಣಿಮೆಯನ್ನು ಆಶ್ರಯಿಸಿ ಬರುತ್ತವೆ. ೨೦೨೨ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ ೧೬ರಂದು, ಈಸ್ಟರ್ ಅದರ ಮರುದಿನ. ೨೦೨೪ರಂತಹ ವರ್ಷಗಳಲ್ಲಿ ಈಸ್ಟರ್ ಹೋಳಿ ಹುಣ್ಣಿಮೆಯನ್ನು ಹಿಂಬಾಲಿಸಿ ಮಾರ್ಚ್ ೩೧ಕ್ಕೇ ಬಂದುಬಿಡುತ್ತದೆ. ಹೇಗೂ ಕ್ರೈಸ್ತರ ಉಪವಾಸಕಾಲ ಈ ನಾಡಿನಲ್ಲಿ ಶಿವರಾತ್ರಿ, ಹೋಳಿ, ಯುಗಾದಿ, ಜಾತ್ರೆಗಳ ನಡುವೆಯೇ ಸಾಗಬೇಕು.

ಆದರೂ ಬಳ್ಳಾರಿ ಸೀಮೆಯಲ್ಲಿ ಮೊದಲು ನೆಲೆಗೊಂಡ ಪ್ರಾಟೆಸ್ಟಂಟ್ ಸಭೆಗಳು ಈ ಕಾಲವನ್ನು ವಿಧಿಯಾಗಿ ಆಚರಿಸುತ್ತಿರಲಿಲ್ಲ. ಬಿಷಪ್ಪರುಳ್ಳ ಸಭೆಯೊಂದಕ್ಕೆ ಅವು ೧೯೪೭ರಲ್ಲಿ ಸೇರಿದ ಬಳಿಕವೇ ಲೆಂಟ್ ಅವುಗಳ ಪಂಚಾಂಗದಲ್ಲಿ ಸ್ಥಿರವಾಯಿತು. ಹಾಗಾದರೆ ಅದಕ್ಕೆ ಮುಂಚೆ ಅವುಗಳ ಶಿಷ್ಯತ್ವದ ಒರೆಗಲ್ಲು ಯಾವುದಾಗಿತ್ತು? ಹೊಸ ಪದ್ಧತಿ ಬಂದಾಗ ಆ ಒರೆಗಲ್ಲು ಏನಾಯಿತು? ಇವೆರಡು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ. ಬಳ್ಳಾರಿ ಸೀಮೆಯೆಂದರೆ ಹಿಂದಿನ ಅವಿಭಕ್ತ ಜಿಲ್ಲೆಯೆಂದು ತಿಳಿಯತಕ್ಕದ್ದು. ಹೊಸಪೇಟೆ, ಕಮಲಾಪುರ, ಹಂಪೆಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ.

೨

ಲೆಂಟ್ ಕಾಲದ ಮೂಲವನ್ನು ಸಂಗ್ರಹವಾಗಿ ಹೇಳದೆ ಮುಂದಿನ ಮಾತು ಸ್ಪಷ್ಟವಾಗಲಾರದು. ಕ್ರಿ.ಶ. ೩೨೫ರ ನೈಸಿಯ ಮಹಾಸಭೆಯ ನಿಯಮಗಳಲ್ಲಿ ಈ ನಾಲ್ವತ್ತು ದಿನಗಳ ಉಲ್ಲೇಖವಿದೆ. ಆ ಕಾಲದಲ್ಲಿ ಇದಕ್ಕೆ ಎರಡು ಪ್ರಯೋಜನಗಳಿದ್ದುವು. ಈಸ್ಟರಿನಂದು ದೀಕ್ಷಾಸ್ನಾನ ಪಡೆಯಲಿರುವವರಿಗೆ ಉಪದೇಶ ಮಾಡಿ ಅವರ ನಡತೆಯನ್ನು ಪರೀಕ್ಷಿಸುವುದು ಒಂದು. ಘೋರಪಾಪಗಳಿಗಾಗಿ ಸಹಭಾಗಿತ್ವದಿಂದ ಹೊರಗಾದವರಿಗೆ ಬಹಿರಂಗವಾಗಿ ಪ್ರಾಯಶ್ಚಿತ್ತ ವಿಧಿಸಿ ಹಬ್ಬದ ಹೊತ್ತಿಗೆ ಅವರನ್ನು ಮರಳಿ ಸೇರಿಸಿಕೊಳ್ಳುವುದು ಇನ್ನೊಂದು. ಎಂದರೆ ಮೊದಲಿಗೆ ಇದು ವ್ಯಕ್ತಿಯ ಮನೋವ್ರತಕ್ಕಿಂತ ಹೆಚ್ಚಾಗಿ ಸಮುದಾಯದ ಶಿಸ್ತಾಗಿತ್ತು. ಯಾರು ಒಳಗಿನವರು, ಯಾರು ಹೊರಗಿನವರು, ಹೊರಗಾದವರು ಮರಳಿ ಬರುವ ದಾರಿ ಯಾವುದು ಎಂಬುದು ಆ ದಿನಗಳಲ್ಲಿ ನಿರ್ಣಯವಾಗುತ್ತಿತ್ತು.

ಶಿಶುಗಳಿಗೇ ದೀಕ್ಷಾಸ್ನಾನ ಕೊಡುವ ಪದ್ಧತಿ ಸಾರ್ವತ್ರಿಕವಾದ ಮೇಲೆ ಮೊದಲನೆಯ ಪ್ರಯೋಜನ ಸಡಿಲವಾಯಿತು. ಬಹಿರಂಗ ಪ್ರಾಯಶ್ಚಿತ್ತ ಕ್ರಮೇಣ ಲೋಪವಾಗಿ ಎರಡನೆಯದೂ ಹೋಯಿತು. ಇಂಗ್ಲೆಂಡಿನ ಸಭೆಯ ೧೬೬೨ರ ಸಾಮಾನ್ಯ ಪ್ರಾರ್ಥನಾ ಪುಸ್ತಕದಲ್ಲಿ ಲೆಂಟಿನ ಮೊದಲ ದಿನಕ್ಕಾಗಿ ಒಂದು ವಿಶೇಷ ಆರಾಧನಾಕ್ರಮವಿದೆ. ಪೂರ್ವಕಾಲದ ಸಭೆಯಲ್ಲಿ ಈ ದಿನಗಳಲ್ಲಿ ದುರ್ಮಾರ್ಗಿಗಳಿಗೆ ವಿಧಿಸುತ್ತಿದ್ದ ಶಿಸ್ತು ಈಗ ಇಲ್ಲವೆಂದೂ ಅದು ಪುನಃ ಸ್ಥಾಪಿತವಾಗುವುದು ಅಪೇಕ್ಷಣೀಯವೆಂದೂ ಅದರ ಪೀಠಿಕೆ ಹೇಳುತ್ತದೆ. ತನ್ನಲ್ಲಿ ಕಾಲ ಉಳಿದಿದೆ, ಶಿಸ್ತು ಉಳಿದಿಲ್ಲ ಎಂಬುದನ್ನು ಬಿಷಪ್ಪರ ಸಭೆಯೇ ತನ್ನ ಅಧಿಕೃತ ಗ್ರಂಥದಲ್ಲಿ ಒಪ್ಪಿಕೊಂಡಿರುವುದು ಗಮನಾರ್ಹ.

ಇದೇ ಇಂಗ್ಲೆಂಡಿನ ಪ್ಯೂರಿಟನ್ನರು ತದ್ವಿರುದ್ಧವಾದ ದಾರಿ ಹಿಡಿದರು. ೧೬೪೫ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆರಾಧನಾ ನಿರ್ದೇಶಿಕೆಯು ಭಾನುವಾರವೊಂದನ್ನುಳಿದು ಹಬ್ಬದ ದಿನಗಳನ್ನೆಲ್ಲ ಕೈಬಿಟ್ಟಿತು. ಅವರ ಪರಂಪರೆಯಲ್ಲಿ ಬಂದ ಕಾಂಗ್ರಿಗೇಷನಲ್ ಸಭೆಗಳಲ್ಲಿ ಲೆಂಟ್ ಇರಲಿಲ್ಲ. ಅದಕ್ಕೆ ಬದಲಾಗಿ ಸದಸ್ಯರ ನಡತೆಯನ್ನು ಸಭೆಯೇ ವರ್ಷವಿಡೀ ವಿಚಾರಿಸುತ್ತಿತ್ತು. ೧೭೯೫ರಲ್ಲಿ ಸ್ಥಾಪಿತವಾದ ಲಂಡನ್ ಮಿಷನರಿ ಸೊಸೈಟಿಗೆ ಈ ಸಭೆಗಳೇ ಮುಖ್ಯ ಆಧಾರವಾದರೂ, ಅದು ೧೭೯೬ರಲ್ಲಿ ಒಂದು ಮೂಲತತ್ತ್ವವನ್ನು ಘೋಷಿಸಿಕೊಂಡಿತು: ಬಿಷಪ್ಪರ ಪದ್ಧತಿಯಾಗಲಿ, ಹಿರಿಯರ ಮಂಡಲಿಯ ಪದ್ಧತಿಯಾಗಲಿ, ಸ್ವತಂತ್ರ ಸಭೆಗಳ ಪದ್ಧತಿಯಾಗಲಿ, ಯಾವ ಆಡಳಿತಕ್ರಮವನ್ನೂ ಹೊರನಾಡಿನ ಜನರ ಮೇಲೆ ಹೇರತಕ್ಕದ್ದಲ್ಲ, ಆ ಆಯ್ಕೆ ಅಲ್ಲಿಯ ವಿಶ್ವಾಸಿಗಳಿಗೆ ಬಿಟ್ಟದ್ದು. ಬಳ್ಳಾರಿಯ ಇತಿಹಾಸಕ್ಕೆ ಈ ತತ್ತ್ವ ಬಹುಮುಖ್ಯವಾದುದು.

೩

ನಿಜಾಮನು ೧೮೦೦ರಲ್ಲಿ ಬಳ್ಳಾರಿಯೂ ಸೇರಿದಂತೆ ದತ್ತಮಂಡಲಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಹತ್ತು ವರ್ಷಗಳ ಅನಂತರ, ೧೮೧೦ರಲ್ಲಿ, ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದನು. ಬೈಬಲಿನ ಕನ್ನಡ ಅನುವಾದಕ್ಕೆ ಕೈಯಿಕ್ಕಿದ ಅವನ ಶ್ರಮ ೧೮೩೦ರ ದಶಕದ ಆರಂಭಕ್ಕೆ ಸಮಗ್ರ ಗ್ರಂಥವಾಗಿ ಫಲಿಸಿತು. ಅವನ ಸಹೋದ್ಯೋಗಿ ವಿಲಿಯಂ ರೀವ್ ಸಂಪಾದಿಸಿದ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಪ್ರಕಟವಾಯಿತು. ೧೮೪೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಪತ್ರಿಕೆ ಮರುವರ್ಷ ಕನ್ನಡ ಸಮಾಚಾರವೆಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾದುದೂ ಇಲ್ಲಿಯ ಮುದ್ರಣಾಲಯದಿಂದಲೇ. ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿರುವ ಈ ಸಂಗತಿಗಳನ್ನು ನಾವು ವಿಸ್ತರಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದುದು ಆ ಸಭೆಯ ಒಳಜೀವನ. ಹಂಪೆಯ ಜಾತ್ರೆ ಮಿಷನರಿಗಳಿಗೆ ಉಪದೇಶದ ಕ್ಷೇತ್ರವಾಗಿತ್ತು. ಸಾವಿರಾರು ಜನ ಕೂಡುವ ಆ ದಿನಗಳಲ್ಲಿ ಅವರು ಅಲ್ಲಿಗೆ ಹೋಗಿ ಪುಸ್ತಕಗಳನ್ನು ಹಂಚುತ್ತಿದ್ದರು. ಬಿಷಪ್ಪರ ಸಭೆಗಳಲ್ಲಿ ಪುರೋಹಿತನು ತನ್ನ ಜನರೊಡನೆ ಗುಡಿಯೊಳಗಿದ್ದು ಕ್ರಿಸ್ತನ ಶ್ರಮೆಗಳನ್ನು ಧ್ಯಾನಿಸುವ ವಾರಗಳಲ್ಲಿ ಬಳ್ಳಾರಿಯ ಬೋಧಕನು ತುಂಗಭದ್ರೆಯ ದಡದ ಜನಸಂದಣಿಯಲ್ಲಿರುತ್ತಿದ್ದನು. ಎರಡು ಪರಂಪರೆಗಳ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕಾಲಬದ್ಧವಾದ ವ್ರತವಿಲ್ಲದಿದ್ದರೂ ಶಿಸ್ತಿಗೆ ಕೊರತೆಯಿರಲಿಲ್ಲ. ದೀಕ್ಷಾಸ್ನಾನ ಬೇಡಿ ಬಂದವನನ್ನು ಕೂಡಲೇ ಸೇರಿಸಿಕೊಳ್ಳುತ್ತಿರಲಿಲ್ಲ. ಅವನು ಉಪದೇಶ ಪಡೆಯಬೇಕು, ಅವನ ನಡತೆಯನ್ನು ಸಭೆ ನೋಡಬೇಕು. ಸೇರಿದ ಮೇಲೂ ಕುಡಿತ, ವ್ಯಭಿಚಾರ, ಜಾತಿಯ ಆಚರಣೆ ಮುಂತಾದ ದೋಷಗಳು ಕಂಡುಬಂದರೆ ಕರ್ತನ ಭೋಜನದಲ್ಲಿ ಭಾಗಿಯಾಗದಂತೆ ತಡೆಹಿಡಿಯುತ್ತಿದ್ದರು; ಪಶ್ಚಾತ್ತಾಪಪಟ್ಟವನನ್ನು ಮರಳಿ ಕರೆದುಕೊಳ್ಳುತ್ತಿದ್ದರು. ಪ್ರಾಚೀನ ಸಭೆ ಲೆಂಟಿನಲ್ಲಿ ನಡೆಸುತ್ತಿದ್ದ ಕೆಲಸಗಳೆರಡೂ ಇಲ್ಲಿ ಲೆಂಟಿನ ಹೆಸರಿಲ್ಲದೆ ನಡೆಯುತ್ತಿದ್ದುವೆಂದು ಇದರಿಂದ ವಿದಿತವಾಗುತ್ತದೆ.

ಈ ಶಿಸ್ತಿನ ಸಾರ ಪ್ರಕಟವಾಗುವುದು ಜಾತಿಯ ಪ್ರಶ್ನೆಯಲ್ಲಿ. ೧೮೫೦ರಲ್ಲಿ ಮದರಾಸಿನ ಮಿಷನರಿ ಪರಿಷತ್ತು ಒಂದು ನಿರ್ಣಯವನ್ನು ಹೊರಡಿಸಿತು. ಲೈಪ್‌ಜಿಗ್ ಮಿಷನ್ನಿನ ಲೂಥರನ್ನರನ್ನು ಬಿಟ್ಟು ಆ ಪ್ರಾಂತದ ಪ್ರಾಟೆಸ್ಟಂಟ್ ಮಿಷನರಿಗಳು ಬಹುಮಟ್ಟಿಗೆ ಅದಕ್ಕೆ ಸಮ್ಮತಿಸಿದರು. ಯಾವ ಜಾತಿಯವರು ಬೇಯಿಸಿದ ಅನ್ನವನ್ನಾದರೂ ಉಣ್ಣಲು ಸಿದ್ಧನಾಗಿ ಜಾತಿಯನ್ನು ಮುರಿದವನಿಗೆ ಮಾತ್ರ ದೀಕ್ಷಾಸ್ನಾನಕ್ಕೂ ಕರ್ತನ ಭೋಜನಕ್ಕೂ ಪ್ರವೇಶ ಎಂಬುದು ಅದರ ತಾತ್ಪರ್ಯ. ಇಲ್ಲಿ ಒಂದು ವೈಚಿತ್ರ್ಯವಿದೆ. ಯೂರೋಪಿನ ಕ್ರೈಸ್ತನು ಉಣ್ಣದೆ ಇರುವುದರಿಂದ ತನ್ನ ಶಿಷ್ಯತ್ವವನ್ನು ತೋರಿಸಬೇಕಾಗಿತ್ತು. ಈ ಪ್ರಾಂತದ ಕ್ರೈಸ್ತನು ಉಂಡು ತೋರಿಸಬೇಕಾಯಿತು. ನಮ್ಮ ನೆಲದಲ್ಲಿ ಉಪವಾಸ ಹೊಸದಲ್ಲ. ಏಕಾದಶಿ, ಶಿವರಾತ್ರಿ, ರಮಜಾನುಗಳನ್ನು ಕಂಡ ಜನರಿಗೆ ಒಂದು ಹೊತ್ತು ಉಣ್ಣದಿರುವುದು ದೊಡ್ಡ ತ್ಯಾಗವಾಗಿ ಕಾಣಲಾರದು. ನೆರೆಯವನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಮಾತ್ರ ಕುಲವನ್ನೂ ಬಂಧುಗಳನ್ನೂ ಪಣವಾಗಿಡುವ ಕಾರ್ಯ. ೧೮೭೬–೭೮ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತಿಯಾಗಿ ನೊಂದ ಪ್ರದೇಶಗಳಲ್ಲೊಂದು. ಹಸಿವು ವಿಧಿಯಾಗಿ ಬಂದ ನಾಡಿನಲ್ಲಿ ಹಸಿವನ್ನು ವ್ರತವಾಗಿ ಬೋಧಿಸುವುದು ಸುಲಭವೂ ಅಲ್ಲ.

ಈ ಶಿಸ್ತಿಗೆ ದೋಷವಿರಲಿಲ್ಲವೆಂದು ಅರ್ಥವಲ್ಲ. ತೀರ್ಪು ಬಹುಕಾಲ ವಿದೇಶೀ ಮಿಷನರಿಯ ಕೈಯಲ್ಲಿತ್ತು. ಸಂಬಳ, ಶಾಲೆ, ಆಶ್ರಯಗಳೆಲ್ಲ ಅವನಿಂದಲೇ ಬರುವಾಗ ಪಶ್ಚಾತ್ತಾಪ ಎಷ್ಟು ಸ್ವತಂತ್ರವೆಂದು ಹೇಳುವುದು ಕಷ್ಟ.

೪

ಬಿಷಪ್ಪರ ಸಭೆ ಈ ಸೀಮೆಗೆ ಮೊದಲು ಬಂದುದು ಸೈನ್ಯದೊಡನೆ. ಬಳ್ಳಾರಿಯ ದಂಡಿನಲ್ಲಿದ್ದ ಆಂಗ್ಲಿಕನ್ ಆರಾಧನೆ ಇಂಗ್ಲಿಷ್ ಸಿಪಾಯಿಗಳಿಗಾಗಿ ಏರ್ಪಟ್ಟಿತ್ತು. ಕನ್ನಡ ಸಭೆಗಳ ಜೀವನಕ್ಕೂ ಅದಕ್ಕೂ ನಿಕಟ ಸಂಬಂಧವಿರಲಿಲ್ಲ. ಬಿಷಪ್ಪನೆಂದರೆ ಸರ್ಕಾರಿ ಅಧಿಕಾರಿಯೆಂಬ ಭಾವನೆಯನ್ನು ಬದಲಿಸಿದವರಲ್ಲಿ ಪ್ರಮುಖರು ವಿ. ಎಸ್. ಅಜರಯ್ಯನವರು. ಭಾರತೀಯರಲ್ಲಿ ಮೊದಲನೆಯ ಆಂಗ್ಲಿಕನ್ ಬಿಷಪ್ಪರಾಗಿ ೧೯೧೨ರಲ್ಲಿ ಅಭಿಷಿಕ್ತರಾದ ಅವರು ನೆರೆಯ ತೆಲುಗು ನಾಡಿನ ದೋರ್ಣಕಲ್ಲಿನಲ್ಲಿ ಬಹುಮಟ್ಟಿಗೆ ಅಸ್ಪೃಶ್ಯ ಕುಲಗಳಿಂದ ಬಂದ ಬಡ ಸಭೆಗಳನ್ನು ಕಟ್ಟಿದರು. ದೀಕ್ಷೆ ಪಡೆದ ಪ್ರತಿಯೊಬ್ಬನೂ ಸಾಕ್ಷಿಯಾಗತಕ್ಕವನು, ಬಡವನೂ ಕೊಡತಕ್ಕವನು ಎಂಬುದು ಅವರ ಬೋಧನೆಯ ಸಾರ. ೧೯೧೯ರ ತರಂಗಂಬಾಡಿಯ ಸಮಾಲೋಚನೆಯಲ್ಲಿ ಸಭೈಕ್ಯದ ಮಾತು ಮೊದಲಾದಾಗ ಅವರೂ ಮುಂದಾಳುಗಳಾಗಿದ್ದರು.

ಇಪ್ಪತ್ತೆಂಟು ವರ್ಷಗಳ ಚರ್ಚೆಯ ಫಲವಾಗಿ ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಆಂಗ್ಲಿಕನ್ನರ ನಾಲ್ಕು ಧರ್ಮಪ್ರಾಂತಗಳು, ಮೆಥಡಿಸ್ಟರ ದಕ್ಷಿಣ ಭಾರತ ಪ್ರಾಂತ, ಮತ್ತು ೧೯೦೮ರಲ್ಲಿ ರೂಪುಗೊಂಡಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ ಇದರಲ್ಲಿ ಕೂಡಿಕೊಂಡುವು. ಬಳ್ಳಾರಿಯ ಸಭೆಗಳು ಸೇರಿದ್ದುದು ಈ ಮೂರನೆಯ ಅಂಗಕ್ಕೆ. ಯಾವ ಆಡಳಿತಕ್ರಮವನ್ನು ಹೇರಬಾರದೆಂದು ೧೭೯೬ರಲ್ಲಿ ನಿಶ್ಚಯವಾಗಿತ್ತೋ ಅದರ ಆಯ್ಕೆಯನ್ನು ನೂರೈವತ್ತು ವರ್ಷಗಳ ಮೇಲೆ ಈ ನಾಡಿನ ಸಭೆಗಳು ತಾವೇ ಮಾಡಿದುವು; ಬಿಷಪ್ಪರನ್ನು ಒಪ್ಪಿದುವು, ಆದರೆ ಸಂವಿಧಾನಕ್ಕೆ ಒಳಪಟ್ಟ ಬಿಷಪ್ಪರನ್ನು. ಇದು ಎಲ್ಲರ ಆಯ್ಕೆಯಾಗಿರಲಿಲ್ಲ. ಸೊಸೈಟಿ ೧೯೦೪ರಲ್ಲಿ ತನ್ನ ಬೆಳಗಾವಿ ಕ್ಷೇತ್ರವನ್ನು ಒಪ್ಪಿಸಿಕೊಟ್ಟಿದ್ದ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ತನ್ನದೇ ಬಿಷಪ್ಪರಿದ್ದರು. ಆ ಪರಂಪರೆ ಐಕ್ಯದ ಹೊರಗೇ ಉಳಿಯಿತು.

ಬಿಷಪ್ಪರೊಡನೆ ಪಂಚಾಂಗವೂ ಬಂದಿತು. ಹೊಸ ಸಭೆಯ ಕರ್ತನ ಭೋಜನಕ್ರಮ ೧೯೫೦ರಲ್ಲಿ ಮೊದಲು ಬಳಕೆಗೆ ಬಂದಿತು. ೧೯೬೩ರಲ್ಲಿ ಸಾಮಾನ್ಯ ಆರಾಧನಾ ಪುಸ್ತಕ ಪ್ರಕಟವಾಯಿತು. ಅವುಗಳ ಬಳಕೆಯನ್ನು ಕಡ್ಡಾಯ ಮಾಡಲಿಲ್ಲ. ಹಳೆಯ ಕ್ರಮಗಳಿಗೂ ಎಡೆಯಿತ್ತು. ಹೀಗೆ ಕ್ರಮಕ್ರಮವಾಗಿ ಕನ್ನಡ ಸಭೆಗಳಲ್ಲಿ ಬೂದಿ ಬುಧವಾರ, ವಾರದ ನಡುವಣ ಸಂಜೆಯ ಕೂಟಗಳು, ಮನೆಗಳಲ್ಲಿ ಪ್ರಾರ್ಥನೆ, ತಮ್ಮ ವೆಚ್ಚವನ್ನು ಕಡಿಮೆಮಾಡಿ ತೆಗೆದಿಟ್ಟ ಕಾಣಿಕೆ, ಗರಿಗಳ ಭಾನುವಾರದ ಮೆರವಣಿಗೆ, ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆ ರೂಢವಾದುವು. ಶಿಲುಬೆಯ ಸಪ್ತವಾಕ್ಯಗಳನ್ನು ಕುರಿತ ಈ ಕಡೆಯ ಆರಾಧನೆಗೆ ಮೂಲ ಹದಿನೇಳನೆಯ ಶತಮಾನದ ಕೊನೆಯಲ್ಲಿ ಪೆರು ದೇಶದ ಲೀಮಾ ನಗರದ ಜೆಸುಯಿಟರು ಆರಂಭಿಸಿದ ಭಕ್ತಿಕ್ರಮ. ಅದು ಕಥೋಲಿಕರಿಂದ ಆಂಗ್ಲಿಕನ್ನರಿಗೆ ಹಾದುಬಂದುದು. ಪ್ಯೂರಿಟನ್ನರ ಮಕ್ಕಳು ನೆಟ್ಟ ಬಳ್ಳಾರಿಯಂತಹ ಸಭೆಗಳ ಜನ ಇಂದು ಶುಭ ಶುಕ್ರವಾರದ ನಡುಹಗಲಿನಲ್ಲಿ ಅದನ್ನೇ ತಮ್ಮದೆಂದು ಆಚರಿಸುತ್ತಿರುವುದನ್ನು ನೋಡಿದರೆ, ಆಚಾರಗಳು ತಮ್ಮ ಹುಟ್ಟಿನ ಜಗಳಗಳನ್ನು ಮರೆತು ಬದುಕಬಲ್ಲುವೆಂದು ತಿಳಿಯುತ್ತದೆ.

೫

ಹೀಗೆ ೧೯೪೭ರಲ್ಲಿ ಎರಡು ಅಪೂರ್ಣ ಪರಂಪರೆಗಳು ಸಂಧಿಸಿದುವೆಂದು ನಮ್ಮ ಅಭಿಪ್ರಾಯ. ಒಂದರಲ್ಲಿ ಕಾಲವಿದ್ದು ಶಿಸ್ತು ಕಳೆದುಹೋಗಿತ್ತು. ಇನ್ನೊಂದರಲ್ಲಿ ಶಿಸ್ತಿದ್ದು ಕಾಲವಿರಲಿಲ್ಲ. ಇವೆರಡೂ ಒಂದನ್ನೊಂದು ತುಂಬಿಕೊಂಡುವೇ ಎಂಬುದು ಮುಖ್ಯ ಪ್ರಶ್ನೆ. ಲಾಭವನ್ನು ಮೊದಲು ಹೇಳಬೇಕು. ತಪ್ಪಿತಸ್ಥನೊಬ್ಬನನ್ನೇ ಎಲ್ಲರೆದುರು ನಿಲ್ಲಿಸುತ್ತಿದ್ದ ಹಳೆಯ ಕ್ರಮಕ್ಕೆ ಬದಲಾಗಿ ಲೆಂಟಿನಲ್ಲಿ ಸಭೆಯೆಲ್ಲವೂ ಒಟ್ಟಾಗಿ ತನ್ನ ಪಾಪವನ್ನು ಅರಿಕೆಮಾಡಿಕೊಳ್ಳುತ್ತದೆ. ಬೋಧಕನೂ ಬಿಷಪ್ಪನೂ ಅದಕ್ಕೆ ಹೊರತಲ್ಲ. ನಷ್ಟವೂ ಇದೆ. ಎಲ್ಲರೂ ಸಾಮಾನ್ಯವಾಗಿ ಪಶ್ಚಾತ್ತಾಪಪಡುವಲ್ಲಿ ಯಾರೂ ನಿರ್ದಿಷ್ಟವಾಗಿ ಯಾವುದನ್ನೂ ಬಿಡಬೇಕಾಗಿ ಬರುವುದಿಲ್ಲ. ಮಾಂಸವನ್ನೋ ಸಿಹಿಯನ್ನೋ ನಾಲ್ವತ್ತು ದಿನ ತೊರೆದು, ಮದುವೆಯ ಮಾತು ಬಂದಾಗ ಕುಲವನ್ನು ವಿಚಾರಿಸುವುದು ಸಾಧ್ಯವಾಗುತ್ತದೆ; ೧೮೫೦ರ ಒರೆಗಲ್ಲಿಗೆ ಹಚ್ಚಿದರೆ ಇಂತಹ ವ್ರತ ನಿಲ್ಲಲಾರದು.

ಈ ಕೊರತೆಗೆ ಪರಿಹಾರ ಹೊಸ ಆರಾಧನಾಕ್ರಮದಲ್ಲಿಯೇ ಇದೆಯೆಂಬುದನ್ನು ಸೂಚಿಸಿ ನಾವು ವಿರಮಿಸುತ್ತೇವೆ. ೧೯೫೦ರ ಕ್ರಮವು ಕೇರಳದ ಸುರಿಯಾನಿ ಕ್ರೈಸ್ತರ ಸಂಪ್ರದಾಯದಿಂದ ಶಾಂತಿಯ ವಂದನೆಯನ್ನು ಎತ್ತಿಕೊಂಡಿತು. ರೊಟ್ಟಿ, ದ್ರಾಕ್ಷಾರಸಗಳನ್ನು ಸ್ವೀಕರಿಸುವ ಮುಂಚೆ ಒಬ್ಬನ ಅಂಗೈಯಿಂದ ಇನ್ನೊಬ್ಬನ ಅಂಗೈಗೆ ಈ ವಂದನೆ ಸಭೆಯ ಕಡೆಯವನವರೆಗೂ ಸಾಗುತ್ತದೆ. ಮುಟ್ಟುವುದೇ ಪ್ರಶ್ನೆಯಾಗಿದ್ದ ಸಮಾಜದಲ್ಲಿ ಇದು ಬರಿಯ ಅಲಂಕಾರವಲ್ಲ. ಲೆಂಟ್ ಕಾಲದ ಕೊನೆಯ ವಾರದಲ್ಲಿ, ಗುರುವಾರದ ರಾತ್ರಿ, ಸಭೆ ಕೂಡುವುದೂ ಒಂದು ಭೋಜನಕ್ಕಾಗಿಯೇ. ಹಳೆಯ ಬಳ್ಳಾರಿ ಸಭೆಯವರು ಸಹಪಂಕ್ತಿಯಲ್ಲಿ ಕಂಡ ಶಿಷ್ಯತ್ವವೂ ಹೊಸ ಸಭೆಯವರು ಉಪವಾಸದಲ್ಲಿ ಅರಸುವ ಶಿಷ್ಯತ್ವವೂ ಆ ರಾತ್ರಿಯ ಮೇಜಿನಲ್ಲಿ ಒಂದಾಗಬಲ್ಲುವು. ಆದುದರಿಂದ ಈ ಸೀಮೆಯ ಸಭೆಗಳ ವ್ರತಕಾಲವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಜನರು ಏನನ್ನು ಬಿಟ್ಟರೆಂಬುದನ್ನು ಮಾತ್ರವಲ್ಲದೆ, ಯಾರೊಡನೆ ಕುಳಿತು ಉಂಡರೆಂಬುದನ್ನೂ ಕೇಳತಕ್ಕದ್ದು.