ಮನೆತನದ ಇತಿಹಾಸವೂ ದಫ್ತರದ ಸಾಕ್ಷ್ಯವೂ

ಕುಲವನ್ನು ಎಣಿಸಬಾರದೆಂದು ಸಾರಿದ ಶರಣರ ಪರಂಪರೆಗೆ ಸೇರಿದವರು ತಮ್ಮ ಮನೆತನದ ವಂಶಾವಳಿಯನ್ನು ಹುಡುಕುವದು ಉಚಿತವೇ ಎಂದು ಶ್ರೀಮಠದ ಶಿಷ್ಯರಲ್ಲಿ ಕೆಲವರು ಕೇಳುವದುಂಟು. ಪ್ರಶ್ನೆಯು ನ್ಯಾಯವಾದದ್ದೇ ಸರಿ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದವರ ಹೆಸರಿನ ಹಿಂದೆ ನಿಂತಿರುವದು ಅವರ ಕಾಯಕವೇ ಹೊರತು ತಂದೆತಾತಂದಿರ ಹಿರಿಮೆಯಲ್ಲ. ಆದರೆ ಕುಲದ ಅಭಿಮಾನವು ಬೇರೆ, ಹಿರಿಯರ ಸ್ಮರಣೆಯು ಬೇರೆ. ನಮ್ಮ ಅಜ್ಜಂದಿರು ಯಾವ ಊರಿನಿಂದ ಬಂದರು, ಯಾವ ಕಾಯಕದಿಂದ ಉಂಡರು, ಯಾವ ಬರಗಾಲದಲ್ಲಿ ಮನೆಯನ್ನು ಬಿಟ್ಟು ಹೊರಟರು ಎಂಬುದನ್ನು ತಿಳಿಯಲಿಚ್ಛಿಸುವದು ಅಹಂಕಾರವಲ್ಲ. ಇಲ್ಲದ ಹಿರಿಮೆಯನ್ನು ಹಿರಿಯರಿಗೆ ಹೊರಿಸುವದೇ ಅಹಂಕಾರವು. ಆದಕಾರಣ ಈ ಅನ್ವೇಷಣೆಗೆ ಕೈಹಾಕುವವನು ಒಂದು ಮಾತನ್ನು ಮೊದಲಿಗೇ ತಿಳಿದಿರತಕ್ಕದ್ದು: ದಫ್ತರದಲ್ಲಿರುವ ಯಾವ ಕಾಗದವೂ ನಮ್ಮ ವಂಶವನ್ನು ನಮಗೆ ತಿಳಿಸುವ ಸಲುವಾಗಿ ಬರೆದುದಲ್ಲ. ಕೆಲವನ್ನು ಕಂದಾಯಕ್ಕಾಗಿ ಬರೆದರು, ಕೆಲವನ್ನು ವ್ಯಾಜ್ಯಕ್ಕಾಗಿ, ಇನ್ನು ಕೆಲವನ್ನು ಇನಾಮಿನ ಹಕ್ಕನ್ನು ಸಾಧಿಸುವದಕ್ಕಾಗಿ. ಯಾರು ಯಾತಕ್ಕಾಗಿ ಬರೆದರೆಂಬುದನ್ನು ವಿಚಾರಿಸದೆ ಓದಿದವನಿಗೆ ಹಳೆಯ ಕಾಗದವು ಸುಳ್ಳನ್ನೂ ನಿಜದಂತೆಯೇ ಹೇಳುತ್ತದೆ.

ವಂಶದ ನೆನಪನ್ನೇ ಕಾಯಕವಾಗಿ ಮಾಡಿಕೊಂಡವರು ನಮ್ಮ ನಾಡಿನಲ್ಲಿ ಹೆಳವರೊಬ್ಬರೇ ಎಂದರೆ ತಪ್ಪಾಗಲಾರದು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು, ಗಂಟೆಯನ್ನು ಬಾರಿಸುತ್ತ ಊರಿಗೆ ಬರುವ ಹೆಳವನನ್ನು ಕಾಣದ ಹಳೆಯ ಒಕ್ಕಲು ಮನೆತನವಿರಲಾರದು. ಅವನು ಅಂಗಳದಲ್ಲಿ ನಿಂತು ಮನೆತನದ ಮೂಲಸ್ಥಳ, ಬೆಡಗು, ಹಿರಿಯರ ಹೆಸರು, ಊರಿಂದೂರಿಗೆ ಬಂದ ದಾರಿ ಇವುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ದವಸವನ್ನೂ ಕಾಣಿಕೆಯನ್ನೂ ಪಡೆದು, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ತನ್ನ ಹೊತ್ತಿಗೆಯಲ್ಲಿ ಸೇರಿಸಿಕೊಂಡು ಹೋಗುವನು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಊರುಗಳು, ಇಂತಿಂಥ ಒಕ್ಕಲುಗಳು ಎಂದು ಹಂಚಿಕೆಯಾಗಿರುವದು. ಬಳ್ಳಾರಿಯ ಕಡೆಯಲ್ಲಿ ಇವರು ಊರುಗಳ ಚರಿತ್ರೆಯನ್ನು ಕಾಯ್ದುಕೊಂಡು ಬಂದವರೆಂದು ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಹೇಳಿದ್ದಾನೆ. ಸರಕಾರದ ಯಾವ ದಫ್ತರವೂ ಬರೆದಿಡದ ಸಂಗತಿಗಳು ಹೆಳವನ ಬಾಯಲ್ಲಿವೆ. ಆದರೂ ಅವನು ಕಾಣಿಕೆಯಿಂದ ಜೀವಿಸತಕ್ಕವನು. ಕೊಡುವ ಮನೆಯ ಹಿರಿಯನು ಅವನ ಮಾತಿನಲ್ಲಿ ತುಸು ದೊಡ್ಡವನಾಗಿ ಕಾಣುವದು ಸಹಜವು. ಆದ್ದರಿಂದ ಹೆಳವನ ಹೇಳಿಕೆಯನ್ನು ಮೊದಲ ಸಾಕ್ಷ್ಯವೆಂದು ಹಿಡಿದು, ಅದನ್ನು ದಫ್ತರದ ಒರೆಗಲ್ಲಿಗೆ ತಿಕ್ಕಿ ನೋಡಬೇಕು.

ಹಾಗೆ ನೋಡುವಾಗ ಮೊದಲು ಎದುರಾಗುವ ತೊಡಕು ಹೆಸರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ ಬಸಪ್ಪನ ಮಗ ವೀರಪ್ಪ, ವೀರಪ್ಪನ ಮಗ ಬಸಪ್ಪ ಎಂದು ಸಾಲು ಬೆಳೆಯುತ್ತದೆ. ಇಬ್ಬರು ಬಸಪ್ಪಂದಿರನ್ನು ಒಬ್ಬನೆಂದು ತಿಳಿದರೆ ಎರಡು ತಲೆಮಾರು ಮಾಯವಾಗುವದು. ಒಂದು ತಲೆಮಾರಿಗೆ 25ರಿಂದ 30 ವರ್ಷಗಳೆಂದು ಲೆಕ್ಕ ಹಾಕಿದರೆ ಇಂಥ ತಪ್ಪು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಅಡ್ಡಹೆಸರನ್ನೂ ಪೂರ್ತಿಯಾಗಿ ನಂಬಲಾಗದು. ಕನ್ನಡ ಕಾಗದದಲ್ಲಿ ಗೌಡನೆನಿಸಿಕೊಂಡವನೇ ಮರಾಠಿ ಕಾಗದದಲ್ಲಿ ಪಾಟೀಲನು, ಪಾರಸಿ ಕಾಗದದಲ್ಲಿ ಮುಕದ್ದಮನು. ಅಂಗಡಿಯನ್ನಿಟ್ಟವನ ಮಕ್ಕಳು ಅಂಗಡಿಯವರಾದರು. ಅವರ ದಾಯಾದಿಗಳು ಪಕ್ಕದ ಊರಿನಲ್ಲಿ ಬೇರೊಂದು ಹೆಸರಿನಿಂದ ಕರೆಯಿಸಿಕೊಂಡರು.

ಕಾಲಗಣನೆಯ ತೊಡಕೂ ಸಣ್ಣದಲ್ಲ. ಮನೆಯಲ್ಲಿ ಹಿರಿಯರು ಪ್ರಭವ ಸಂವತ್ಸರದಲ್ಲಿ ಮನೆ ಕಟ್ಟಿಸಿದರೆಂದು ಹೇಳಿದರೆ ಅದು 1807 ಆಗಬಹುದು, 1867 ಆಗಬಹುದು, 1927 ಕೂಡ ಆಗಬಹುದು. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಜೊತೆಗೆ ಶಕವರ್ಷವು ಕೊಟ್ಟಿದ್ದರೆ ಅದಕ್ಕೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ತಿಳಿಯಬಹುದು. ಫಸಲಿ ಸನಕ್ಕೆ 590ನ್ನೂ, ಪೇಶವೆಯರ ಕಾಗದಗಳಲ್ಲಿ ಬರುವ ಸುಹೂರ ಸನಕ್ಕೆ 599ನ್ನೂ ಕೂಡಿಸಬೇಕು. ತಿಂಗಳಿಗನುಸಾರವಾಗಿ ಒಂದು ವರ್ಷದ ಹೆಚ್ಚುಕಡಿಮೆಯು ಬರುವದು. ಇಷ್ಟು ತಿಳಿಯದೆ ದಫ್ತರಕ್ಕೆ ಹೋದವನು ಅಂಕೆಗಳನ್ನು ನೋಡಿ ಬೆರಗಾಗಿ ಮರಳುತ್ತಾನೆ. ಜನರ ಬಾಯಲ್ಲಿ ನಿಂತ ಬರಗಾಲಗಳ ಹೆಸರುಗಳಾದರೋ ಗಟ್ಟಿಯಾದ ಆಧಾರಗಳಾಗಿರುತ್ತವೆ. ಧಾತು ವರ್ಷದ ಬರವೆಂದರೆ 1876ರಲ್ಲಿ ತೊಡಗಿದ ಮಹಾಕ್ಷಾಮವು. ಡೋಗಿ ಬರವೆಂದರೆ 1791-92ರ ಸುಮಾರಿನದು. ನಮ್ಮ ಹಿರಿಯರು ಧಾತು ಬರದಲ್ಲಿ ಊರು ಬಿಟ್ಟರೆಂಬ ಒಂದು ಮಾತು, ಇಸವಿಯಿಲ್ಲದ ಹತ್ತು ಕಾಗದಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಇನ್ನು ಯಾವ ದಫ್ತರಕ್ಕೆ ಹೋಗಬೇಕೆಂಬುದು ಊರು ಯಾರ ಆಳಿಕೆಯಲ್ಲಿತ್ತೆಂಬುದನ್ನು ಅವಲಂಬಿಸಿದೆ. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಗುವ ಮೊದಲು ಅದು ಹಲವು ಆಳಿಕೆಗಳಲ್ಲಿ ಹರಿದುಹೋಗಿತ್ತು. ನಾಡು ಒಂದಾದರೂ ಕಾಗದಗಳು ಒಂದಾಗಲಿಲ್ಲ. ಹಳೆಯ ಮೈಸೂರಿನ ಊರುಗಳವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೂ ಅದರ ಮೈಸೂರು ಶಾಖೆಯೂ ಸಾಕಷ್ಟು ನೆರವಾಗುವವು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಧಾರವಾಡದ ಶಾಖೆಯನ್ನು ನೋಡಿಕೊಂಡು ಮುಂಬಯಿ ಮತ್ತು ಪುಣೆಗಳ ವರೆಗೂ ಹೋಗಬೇಕಾಗುವದು. ಕಲಬುರ್ಗಿ, ಬೀದರ, ರಾಯಚೂರುಗಳು 1948ರ ವರೆಗೆ ನಿಜಾಮನ ಆಳಿಕೆಯಲ್ಲಿದ್ದುದರಿಂದ ಅಲ್ಲಿಯ ಹಳೆಯ ಕಾಗದಗಳು ಮೊದಲು ಪಾರಸಿಯಲ್ಲಿ, ಆ ಮೇಲೆ ಉರ್ದುವಿನಲ್ಲಿ ಬರೆಯಲ್ಪಟ್ಟು ಹೈದರಾಬಾದಿನಲ್ಲಿವೆ. ಬಳ್ಳಾರಿಯು 1800ರಿಂದ 1953ರ ವರೆಗೆ ಮದರಾಸು ಸರಕಾರಕ್ಕೆ ಸೇರಿತ್ತು. ಅಲ್ಲಿಯವರ ಕಾಗದಗಳು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿವೆ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಜಿಲ್ಲೆಯ ಹೆಸರು ಬದಲಾದುದನ್ನೂ ನೆನಪಿಡತಕ್ಕದ್ದು. ಬಾಗಲಕೋಟೆಯು ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ಮನೆತನದವನು 1870ರ ಕಾಗದವನ್ನು ಕಲಾದಗಿ ಜಿಲ್ಲೆಯ ಹೆಸರಿನಲ್ಲಿ ಕೇಳಬೇಕು. ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ವಿಜಾಪುರಕ್ಕೆ ಹೋದದ್ದು 1885ರಲ್ಲಿ.

ಪುಣೆಯ ಪೇಶವೆ ದಫ್ತರದ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದ ಮೇಲೆ ಅವರ ಲೆಕ್ಕಪತ್ರಗಳು ಇಂಗ್ಲೀಷರ ಕೈಸೇರಿದವು. ಅವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟಿರುವರು. ಆ ಗಂಟಿಗೆ ರುಮಾಲೆಂದು ಹೆಸರು. ನಮ್ಮ ದೇಸಗತಿಗಳ, ಗೌಡಿಕೆಗಳ, ಮಠಮಾನ್ಯಗಳ ಇನಾಮುಗಳ ವಿಷಯವೂ ಅವುಗಳಲ್ಲಿ ಬರುತ್ತದೆ. ಗೋವಿಂದ ಸಖಾರಾಮ ಸರದೇಸಾಯರು 1930ರಿಂದ ಮುಂದಕ್ಕೆ ಈ ದಫ್ತರದೊಳಗಿಂದ ಆಯ್ದ ಕಾಗದಗಳನ್ನು 45 ಸಂಪುಟಗಳಾಗಿ ಪ್ರಕಟಿಸಿದರು. ಆದರೆ ಆಯ್ದದ್ದು ರಾಜಕಾರಣದ ಕಾಗದಗಳನ್ನು. ಸಾಮಾನ್ಯ ಒಕ್ಕಲಿನ ಹೆಸರು ಬೇಕಾದವನು ರುಮಾಲನ್ನೇ ಬಿಚ್ಚಬೇಕು, ಮೋಡಿ ಲಿಪಿಯನ್ನು ಬಲ್ಲವರ ನೆರವನ್ನೂ ಪಡೆಯಬೇಕು. ಒಂದು ಕಾಲಕ್ಕೆ ನಮ್ಮ ಊರುಗಳ ಕುಲಕರ್ಣಿಗಳೆಲ್ಲ ನೀರು ಕುಡಿದಷ್ಟು ಸುಲಭವಾಗಿ ಬರೆಯುತ್ತಿದ್ದ ಈ ಲಿಪಿಯನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ. ತರುಣ ಶಿಷ್ಯರಲ್ಲಿ ನಾಲ್ಕು ಮಂದಿಯಾದರೂ ಇದನ್ನು ಕಲಿತರೆ ಅದು ಸಮಾಜಕ್ಕೆ ಮಾಡಿದ ದೊಡ್ಡ ಸೇವೆಯಾಗುವದು.

ಮುಂಬಯಿ ಇಲಾಖೆಯಲ್ಲಿ ವಂಶಾವಳಿಗಳನ್ನು ಹೇರಳವಾಗಿ ಹುಟ್ಟಿಸಿದ್ದು ಇನಾಮು ಕಮಿಶನ್ನು. 1852ರ 11ನೆಯ ಕಾಯಿದೆಯ ಮೇರೆಗೆ, ತಲೆತಲಾಂತರದಿಂದ ಇನಾಮು ಉಂಡವರು ತಮ್ಮ ಸನದನ್ನೂ ಅನುಭೋಗವನ್ನೂ ವಂಶಕ್ರಮವನ್ನೂ ತೋರಿಸಬೇಕಾಯಿತು. ತೋರಿಸಲಾರದವರ ಭೂಮಿಗಳು ಹೋದವು. ಜೀವನವೇ ಪಣಕ್ಕೆ ಬಿದ್ದಿರುವಾಗ ಬರೆದುಕೊಟ್ಟ ವಂಶಾವಳಿಯು ಹೇಗಿರಬೇಡ! ದತ್ತಕ ಬಂದವನನ್ನು ಔರಸನಂತೆ ತೋರಿಸುವ, ಬೇರೆಯಾದ ದಾಯಾದಿಯನ್ನು ಕೈಬಿಡುವ ಆಶೆಯು ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಅವರನ್ನು ನಾವು ನಿಂದಿಸಲಾಗದು. ಹಾಗೆಂದು ಅವರು ಬರೆದುದೆಲ್ಲವನ್ನೂ ನಂಬಲೂ ಆಗದು. ದತ್ತಕವೆಂಬುದು ಆ ಕಾಲದಲ್ಲಿ ಎಂಥ ಕತ್ತಿಯಾಗಿತ್ತೆಂಬುದಕ್ಕೆ ಕಿತ್ತೂರೇ ಸಾಕ್ಷಿಯು. 1824ರಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಅವನ ದತ್ತಕವನ್ನು ಕಂಪನಿ ಸರಕಾರವು ಒಪ್ಪಲಿಲ್ಲ. ಅಕ್ಟೋಬರ 23ರಂದು ಕಲೆಕ್ಟರ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಬಿದ್ದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ಚೆನ್ನಮ್ಮ ರಾಣಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದರು. ಕಿತ್ತೂರಿನ ಈ ಕಾಗದಗಳನ್ನು ಓದುವವನು ಕಲೆಕ್ಟರನ ಪತ್ರವು ಕಲೆಕ್ಟರನ ಪತ್ರವೆಂಬುದನ್ನು ಒಂದು ಕ್ಷಣವೂ ಮರೆಯಲಾಗದು.

ಬಳ್ಳಾರಿಯ ಕಡೆಯವರಿಗೆ 1860ರ ಮುಂದಿನ ಇನಾಮು ರಜಿಸ್ತರುಗಳು ಉಪಯುಕ್ತವಾಗಿವೆ. ಮೊದಲು ಮಾನ್ಯ ಪಡೆದವನಾರು, ಈಗ ಉಣ್ಣುವವನಾರು, ಅವನ ವಯಸ್ಸೆಷ್ಟು, ಹಕ್ಕುದಾರರು ಯಾರೆಂಬುದು ಅವುಗಳಲ್ಲಿ ಕಾಲಮುಕಾಲಮುಗಳಾಗಿ ದೊರೆಯುವದು. ಊರುಗಳ ಸ್ಥಳಪುರಾಣವೂ ಗೌಡರ, ನಾಯಕರ ಮನೆತನಗಳ ಕಥೆಯೂ ಬೇಕಾದರೆ ಕರ್ನಲ್ ಮೆಕೆಂಝಿಯು ಬರೆಯಿಸಿ ಕೂಡಿಹಾಕಿದ ಕೈಫಿಯತ್ತುಗಳನ್ನು ನೋಡಬಹುದು. ಅವನು 1821ರಲ್ಲಿ ಮೃತನಾದನು. ಅವನ ಸಂಗ್ರಹದ ದಕ್ಷಿಣದ ಭಾಷೆಗಳ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಚೆನ್ನೈಯ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿರುವದರಿಂದ ಈಗ ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ.

ಕಳೆದ ನೂರು ನೂರಿಪ್ಪತ್ತು ವರ್ಷಗಳ ಮಟ್ಟಿಗೆ ತಾಲೂಕು ಕಚೇರಿಯೇ ಎಲ್ಲಕ್ಕಿಂತ ಮೇಲು. ತಂದೆ ತೀರಿಕೊಂಡ ಮೇಲೆ ಮಕ್ಕಳು ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಟ್ಟ ವಾರಸಾ ವರ್ದಿಯಲ್ಲಿ ಸತ್ತವನ ಹೆಸರು, ಸತ್ತ ದಿನ, ಹೆಂಡತಿ ಮಕ್ಕಳ ಹೆಸರು, ಕೆಲವು ಸಲ ಅವರ ವಯಸ್ಸು ಕೂಡ ಇರುತ್ತದೆ. ಹೆಣ್ಣುಮಕ್ಕಳ ಹೆಸರನ್ನು ಹುಡುಕುವವನಿಗೆ ಈ ವಹಿಗಳೂ ನೋಂದಣಿ ಕಚೇರಿಯ ಪತ್ರಗಳೂ ದೊಡ್ಡ ಆಸರೆಯಾಗಿವೆ. ಹೆಳವನ ಹೊತ್ತಿಗೆಯಲ್ಲಿ ತಾಯಂದಿರ ಹೆಸರು ಅಪರೂಪವು. ಮೈಸೂರಿನ ಹಳೆಯ ಪತ್ರಗಳಲ್ಲಿ ಮಗನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನನ್ನೂ ಬರೆಯುತ್ತಿದ್ದರು. ಆ ಎರಡಕ್ಷರದ ‘ಕೋಂ’ ಎಂಬುದರ ಹಿಂದೆ ಎಷ್ಟೋ ಮನೆಗಳ ಅಜ್ಜಿಯರು ಇನ್ನೂ ನಿಂತುಕೊಂಡಿರುವರು. ವಿಧವೆಯೊಬ್ಬಳು ದತ್ತಕ ಪಡೆದಾಗಲೋ, ಹೊಲವನ್ನು ಒತ್ತೆಯಿಟ್ಟಾಗಲೋ, ದಾಯಾದಿಗಳ ಮೇಲೆ ದಾವೆ ಹೂಡಿದಾಗಲೋ ಮಾತ್ರ ದಫ್ತರವು ಅವಳನ್ನು ಕಂಡಿತು. ಸುಖವಾಗಿ ಬಾಳಿದವಳನ್ನು ಅದು ಕಾಣಲೇ ಇಲ್ಲ.

ದಫ್ತರಗಳಲ್ಲದೆ ಗ್ರಂಥಭಾಂಡಾರಗಳೂ ಉಂಟು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಭಾಂಡಾರವು ಕೌಟಿಲ್ಯನ ಅರ್ಥಶಾಸ್ತ್ರದಿಂದ ಲೋಕಪ್ರಸಿದ್ಧವಾಯಿತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಹುಟ್ಟಿತು. ಅಲ್ಲಿಯ ಓಲೆಗಟ್ಟುಗಳನ್ನು ಪಂಡಿತರು ಕಾವ್ಯಕ್ಕಾಗಿ ಓದುತ್ತಾರೆ. ಮನೆತನದ ಚರಿತ್ರೆಯು ಬೇಕಾದವನು ಓದತಕ್ಕದ್ದು ಕಟ್ಟಕಡೆಯ ಓಲೆಯನ್ನು. ಇಂಥ ಸಂವತ್ಸರದಲ್ಲಿ, ಇಂಥ ಊರಿನಲ್ಲಿ, ಇಂಥವನ ಮಗನಾದ ಇಂಥವನು, ಇಂಥವರ ಪಾರಾಯಣಕ್ಕಾಗಿ ಪ್ರತಿ ಮಾಡಿದನೆಂದು ಲಿಪಿಕಾರನು ಅಲ್ಲಿ ಹೇಳಿಕೊಂಡಿರುವದುಂಟು. ರಾಜಮಹಾರಾಜರ ಗೊಡವೆಯಿಲ್ಲದ, ಕಂದಾಯದ ಭಯವಿಲ್ಲದ ಈ ನಾಲ್ಕು ಸಾಲುಗಳನ್ನು ನಾನಂತೂ ದಫ್ತರದ ಕಾಗದಕ್ಕಿಂತ ಹೆಚ್ಚು ನಂಬುತ್ತೇನೆ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಯನ್ನು ನಡೆಸುತ್ತಲೇ ಮನೆಮನೆಗಳಿಂದ ಓಲೆಗಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರಡಿಸದೆ ಇದ್ದಿದ್ದರೆ ವಚನಗಳೇ ಎಷ್ಟೋ ಮಟ್ಟಿಗೆ ಹುಳುಗಳ ಪಾಲಾಗುತ್ತಿದ್ದವು. ಇಂದಿಗೂ ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ ಓಲೆಯ ಕಟ್ಟುಗಳು ವಿಭೂತಿ ಪತ್ರಿಗಳಿಂದ ಪೂಜೆಗೊಳ್ಳುತ್ತ, ಒಮ್ಮೆಯೂ ಬಿಚ್ಚಲ್ಪಡದೆ ಕುಳಿತಿವೆ. ಜೀರ್ಣವಾದವೆಂದು ಅವನ್ನು ಹೊಳೆಗೆ ಬಿಡುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಭಕ್ತರಲ್ಲಿ ನನ್ನ ವಿಜ್ಞಾಪನೆಯು. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತಗಳನ್ನು ಕೂಡ ಹರಕು ಬಟ್ಟೆಯೆಂದು ತಿಳಿದು ಎಸೆಯಬಾರದು. ಅವುಗಳ ಮೇಲೆ ಬಳಪದಿಂದ ಬರೆದ ಅಂಗಡಿಯ ಲೆಕ್ಕವೇ ಒಂದು ಮನೆತನದ ಕಾಯಕದ ಚರಿತ್ರೆಯು.

ಶಾಸನಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆಯು ಬೇಕು. ರೈಸ ಸಾಹೇಬರು ತೊಡಗಿದ ಶಾಸನ ಸಂಪುಟಗಳಲ್ಲಿ 12ನೆಯ ಶತಮಾನದ ಗೌಡನೊಬ್ಬನ ಹೆಸರು ತಮ್ಮ ಮುತ್ತಜ್ಜನ ಹೆಸರಿನಂತೆಯೇ ಇದ್ದುದನ್ನು ಕಂಡು ಹಿಗ್ಗಿದವರುಂಟು. ನಡುವಿನ 600 ವರ್ಷಗಳಿಗೆ ಒಂದು ಕೊಂಡಿಯೂ ಇಲ್ಲದಿದ್ದರೆ ಅದು ಹೆಸರಿನ ಹೋಲಿಕೆಯೇ ಹೊರತು ವಂಶವಲ್ಲ. ಬಹುತೇಕ ಮನೆತನಗಳಿಗೆ ಏಳೆಂಟು ತಲೆಮಾರುಗಳಾಚೆಗೆ ನಿಶ್ಚಯವಾದ ದಾರಿಯಿಲ್ಲ. ಅಲ್ಲಿಗೆ ನಿಲ್ಲಿಸುವ ಧೈರ್ಯವು ಬೇಕು. ಹುಡುಕುವವನಿಗೆ ಹಿತವಲ್ಲದ ಸಂಗತಿಯೂ ಎದುರಾಗಬಹುದು: ಅಜ್ಜನು ಬೇರೊಂದು ಮನೆಯಿಂದ ದತ್ತಕ ಬಂದಿರಬಹುದು, ಮುತ್ತಜ್ಜನು ಸಾಲಕ್ಕಾಗಿ ಜೀತ ದುಡಿದಿರಬಹುದು, ಈಗ ನಾವು ಮದುವೆಯ ಸಂಬಂಧ ಮಾಡದ ಪಂಗಡದಿಂದಲೇ ಮನೆತನದ ಮೂಲಪುರುಷನು ದೀಕ್ಷೆ ಪಡೆದು ಬಂದಿರಬಹುದು. ಇಂಥದನ್ನು ಕಂಡ ಮೇಲೆ ಮರೆಮಾಡುವವನು ಶರಣರ ಹೆಸರನ್ನು ಹೇಳಲು ಹೇಗೆ ಅರ್ಹನಾದಾನು?

ಮಠಗಳ ಕಪಾಟುಗಳಲ್ಲಿಯೂ ಹುಡುಕತಕ್ಕದ್ದುಂಟು. ಭಕ್ತರು ಗುರುಗಳಿಗೆ ಬರೆದ ಬಿನ್ನವತ್ತಳೆಗಳು, ಗುರುಗಳು ಕೊಟ್ಟ ನಿರೂಪಗಳು, ಕಾಣಿಕೆಯ ವಹಿಗಳು, ದಾಸೋಹಕ್ಕೆ ಧಾನ್ಯ ಕೊಟ್ಟವರ ಪಟ್ಟಿಗಳು ಇವುಗಳಲ್ಲಿ ಊರೂರಿನ ಮನೆತನಗಳ ಹೆಸರು ಇರುತ್ತದೆ. ಇವನ್ನು ನೋಡಲು ಬರುವವರು ಶಾಯಿಯ ಲೇಖಣಿಯನ್ನು ಬಿಟ್ಟು ಸೀಸದ ಕಡ್ಡಿಯನ್ನು ತರಬೇಕು. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಬಾರದು. ಮಡಿಕೆ ಮುರಿಯುವ ಕಾಗದವನ್ನು ಬಲವಂತದಿಂದ ಬಿಡಿಸಬಾರದು. ಬರೆದುಕೊಂಡ ಪ್ರತಿಯೊಂದು ಸಂಗತಿಯ ಮುಂದೆ ಅದು ಯಾವ ಕಟ್ಟಿನ ಎಷ್ಟನೆಯ ಹಾಳೆಯಲ್ಲಿತ್ತೆಂಬುದನ್ನು ಗುರುತಿಸಿಕೊಳ್ಳದಿದ್ದರೆ ಮಾಡಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದಂತೆಯೇ ಸರಿ.

ದಫ್ತರಗಳು ಇನ್ನು ಹತ್ತು ವರ್ಷ ಬಿಟ್ಟು ಹೋದರೂ ಅಲ್ಲಿಯೇ ಇರುವವು. ಮನೆಯ ಮುದುಕರೂ ಹೆಳವನೂ ಹಾಗಲ್ಲ. ಅವನ ಮಕ್ಕಳಲ್ಲಿ ಅನೇಕರು ಎತ್ತನ್ನು ಮಾರಿ ಬೇರೆ ಉದ್ಯೋಗವನ್ನು ಹಿಡಿದಿರುವರು. ಬರುವ ಸುಗ್ಗಿಗೆ ಅವನು ನಿಮ್ಮ ಅಂಗಳಕ್ಕೆ ಬಂದಾಗ ದವಸವನ್ನು ನೀಡಿ ಬೇಗನೆ ಸಾಗಹಾಕದೆ, ಒಂದು ಕಂಬಳಿಯನ್ನು ಹಾಸಿ ಕುಳ್ಳಿರಿಸಿರಿ. ಅವನು ಹೇಳಿದುದನ್ನು ಅವನ ಮಾತಿನಲ್ಲಿಯೇ ಬರೆದುಕೊಂಡು, ಅವನ ಹೆಸರನ್ನೂ ಊರನ್ನೂ ಮಿತಿಯನ್ನೂ ಕೆಳಗೆ ಹಾಕಿರಿ. ಆ ಮೇಲೆ ಒಳಗಿನಿಂದ ಅಜ್ಜಿಯನ್ನು ಕರೆದು, ಅವನು ಹೇಳದೆ ಬಿಟ್ಟ ಹೆಣ್ಣುಮಕ್ಕಳ ಹೆಸರುಗಳನ್ನು ಅದೇ ಹಾಳೆಯಲ್ಲಿ ಬರೆಯಿಸಿಕೊಳ್ಳಿರಿ.