ಎಷ್ಟು ಕೀ ಇದ್ದರೆ ಸಾಕು? ಪೇಟಿಯಿಂದ ಮಿಡಿ ಕೀಬೋರ್ಡ್‌ವರೆಗಿನ ಕಥೆ

ಮನೆಯಲ್ಲೇ ಕೂತು ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಹಾಡು ರೆಕಾರ್ಡ್ ಮಾಡುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಮಿಡಿ ಕೀಬೋರ್ಡ್ ತಗೋಬೇಕು, 25 ಕೀ ಸಾಕಾ, 49 ಬೇಕಾ, ಇಲ್ಲ 88ರದ್ದೇ ಆಗಬೇಕಾ? ಕೂಡಿಟ್ಟ ದುಡ್ಡಿನ ವಿಷಯ ಇದು. ದೊಡ್ಡದು ತಂದು ಮೂಲೆಗಿಟ್ಟರೆ ಒಳ್ಳೆಯ ಮೈಕ್‌ಗೆ ದುಡ್ಡು ಉಳಿಯುವುದಿಲ್ಲ.

ಉತ್ತರಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗೋಣ. ವಾದ್ಯಕ್ಕೆ ಎಷ್ಟು ಕೀ ಇರಬೇಕು ಅನ್ನುವುದನ್ನು ಯಾವಾಗಲೂ ತೀರ್ಮಾನಿಸಿದ್ದು ಎರಡೇ ಸಂಗತಿ: ನುಡಿಸುವ ಕೈ ಮತ್ತು ನುಡಿಸುವ ಹಾಡು.

ಇಟಲಿಯಲ್ಲಿ ಕ್ರಿಸ್ಟೊಫೋರಿ 1700ರ ಸುಮಾರಿಗೆ ಪಿಯಾನೊ ಕಟ್ಟಿದ. ಅವನು ಮಾಡಿದ ಪಿಯಾನೊಗಳಲ್ಲಿ ಈಗ ಉಳಿದಿರುವುದು ಮೂರೇ. ಅವುಗಳಲ್ಲಿ ನಾಲ್ಕರಿಂದ ನಾಲ್ಕೂವರೆ ಸ್ಥಾಯಿಯಷ್ಟೇ ಕೀಗಳಿವೆ. ಆಮೇಲೆ ಸಂಗೀತ ರಚಿಸುವವರು ಇನ್ನೂ ಕೆಳಗೆ, ಇನ್ನೂ ಮೇಲೆ ಸ್ವರ ಬೇಕೆಂದರು. ಕೀಗಳು ಬೆಳೆಯುತ್ತಾ ಹೋಗಿ, 19ನೇ ಶತಮಾನ ಮುಗಿಯುವ ಹೊತ್ತಿಗೆ 88ಕ್ಕೆ ನಿಂತವು.

ನಮ್ಮ ದೇಶದಲ್ಲಿ ಆದದ್ದು ಬೇರೆ. ಪ್ಯಾರಿಸ್‌ನ ಡಿಬೇನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದನ್ನು ಕುರ್ಚಿ ಮೇಲೆ ಕೂತು, ಕಾಲಲ್ಲಿ ಗಾಳಿ ಒತ್ತಿ, ಎರಡೂ ಕೈಯಲ್ಲಿ ನುಡಿಸಬೇಕಿತ್ತು. ಭಾರತಕ್ಕೆ ಬಂದ ಮೇಲೆ, ಕಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆ ಮಾಡಿದರು. ಒಂದು ಕೈ ತಿದಿಗೆ ಹೋಯಿತು, ಇನ್ನೊಂದು ಕೈ ಮಾತ್ರ ಕೀಗಳಿಗೆ ಉಳಿಯಿತು. ಹಾಗಾಗಿ ಮೂರು, ಮೂರೂವರೆ ಸ್ಥಾಯಿ ಸಾಕಾಯಿತು. ಮಂದ್ರ, ಮಧ್ಯ, ತಾರ ಎಂದು ನಮ್ಮ ಹಾಡುಗಾರಿಕೆ ಓಡಾಡುವುದೂ ಅಷ್ಟರಲ್ಲೇ.

ಕನ್ನಡದ ಕಂಪನಿ ನಾಟಕಗಳಲ್ಲಿ ಮಾತ್ರ ಕಾಲಲ್ಲಿ ಒತ್ತುವ ಲೆಗ್ ಹಾರ್ಮೋನಿಯಂ ಉಳಿಯಿತು. ಮೈಕ್ ಇಲ್ಲದ ಕಾಲದಲ್ಲಿ ಪೇಟಿ ಮಾಸ್ತರರು ಎರಡೂ ಕೈ ಬಳಸಿ ಇಡೀ ರಂಗವನ್ನು ತುಂಬಿಸಬೇಕಿತ್ತು.

ಪೇಟಿಯ ಮೇಲೆ ಒಂದು ದೂರೂ ಇತ್ತು. ಸ್ವರದಿಂದ ಸ್ವರಕ್ಕೆ ಜಾರಲು ಅದಕ್ಕೆ ಬರುವುದಿಲ್ಲ, ಗಮಕ ಹೊರಡುವುದಿಲ್ಲ ಎಂದು. ಇಂಥ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದು ಸಡಿಲವಾಗಿದ್ದು 1971ರಲ್ಲಿ. ಈ ದೂರು ನೆನಪಿರಲಿ, ಕೀಬೋರ್ಡ್ ಕೊಳ್ಳುವಾಗ ಕೆಲಸಕ್ಕೆ ಬರುತ್ತದೆ.

ಇನ್ನು ಮಿಡಿ. ಮೊದಲು ಒಂದು ಕಂಪನಿಯ ಸಿಂಥಸೈಜರ್ ಇನ್ನೊಂದು ಕಂಪನಿಯದ್ದರ ಜೊತೆ ಸಲೀಸಾಗಿ ಮಾತಾಡುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಒಂದು ಸಾಮಾನ್ಯ ಭಾಷೆ ತಂದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ಮೇಳವೊಂದರಲ್ಲಿ ಎರಡು ಬೇರೆ ಕಂಪನಿಗಳ ವಾದ್ಯಗಳನ್ನು ತಂತಿಯಿಂದ ಜೋಡಿಸಿ ತೋರಿಸಿದರು. ಆ ಭಾಷೆಯಲ್ಲಿ ಸದ್ದು ಇಲ್ಲ, ಬರೀ ಸುದ್ದಿ: ಯಾವ ಕೀ, ಎಷ್ಟು ಜೋರು, ಯಾವಾಗ ಬಿಟ್ಟಿರಿ. ಸದ್ದು ಮಾಡುವುದು ನಿಮ್ಮ ಫೋನಿನ ಆಪ್ ಅಥವಾ ಕಂಪ್ಯೂಟರ್.

ಇಲ್ಲಿ ಹಳೆಯ ಲೆಕ್ಕ ಬದಲಾಯಿತು. ಮಿಡಿಯಲ್ಲಿ 128 ಸ್ವರಗಳಿಗೆ ನಂಬರ್ ಇದೆ. ಆಕ್ಟೇವ್ ಬಟನ್ ಒತ್ತಿದರೆ 25 ಕೀಯ ಪುಟ್ಟ ಹಲಗೆಯೂ ಕೆಳಗೆ, ಮೇಲೆ ಸರಿಯುತ್ತದೆ. ಹಾಗಾಗಿ ದೊಡ್ಡದು ಕೊಂಡರೆ ಹೆಚ್ಚು ಸ್ವರ ಸಿಗುತ್ತದೆ ಅನ್ನುವುದು ಸರಿಯಲ್ಲ. ಸಿಗುವುದು ಎರಡು ಕೈಗೂ ಒಟ್ಟಿಗೆ ಜಾಗ, ಅಷ್ಟೇ.

ಒಂದು ಸ್ಥಾಯಿಗೆ 12 ಕೀ, ಕೊನೆಗೆ ಒಂದು ಸೇರಿಸಿ. ಎರಡು ಸ್ಥಾಯಿಗೆ 25, ಮೂರಕ್ಕೆ 37, ನಾಲ್ಕಕ್ಕೆ 49, ಐದಕ್ಕೆ 61. ಪೂರ್ಣ ಗಾತ್ರದ ಕೀ ಆದರೆ 25ಕ್ಕೆ ಸುಮಾರು 35 ಸೆಂಟಿಮೀಟರ್ ಅಗಲ ಬೇಕು, 49ಕ್ಕೆ 68, 88ಕ್ಕೆ 122.

ತಾಳ, ಬೇಸ್, ಚಿಕ್ಕ ಟ್ಯೂನ್ ಹಾಕುವವರಿಗೆ 25 ಸಾಕು. ಭಜನೆ, ಭಾವಗೀತೆಗೆ ಪೇಟಿಯಂತೆ ಒಂದು ಕೈಯಲ್ಲಿ ನುಡಿಸುವವರಿಗೆ 37 ಸರಿಹೊಂದುತ್ತದೆ. ಎಡಗೈಯಲ್ಲಿ ಕಾರ್ಡ್, ಬಲಗೈಯಲ್ಲಿ ರಾಗ ಹಿಡಿಯುವವರು 49 ಅಥವಾ 61 ನೋಡಿ. 88 ಬೇಕಾಗುವುದು ಪಿಯಾನೊವನ್ನೇ ಕಲಿಯುವವರಿಗೆ.

ಕೀ ಎಣಿಸುವುದಕ್ಕಿಂತ ಮುಖ್ಯವಾದವು ಇನ್ನು ಮೂರಿವೆ. ಪೇಟಿಗೆ ಪಳಗಿದ ಬೆರಳು ಮಿನಿ ಕೀಗಳಲ್ಲಿ ತಡವರಿಸುತ್ತದೆ, ಮುಟ್ಟಿ ನೋಡಿ. ಪಿಚ್ ವೀಲ್ ಇದೆಯಾ ನೋಡಿ, ಪೇಟಿಗೆ ಬಾರದ ಆ ಜಾರು ಸ್ವರವನ್ನು ಒಂದಷ್ಟಾದರೂ ತರುವುದು ಅದೇ. ನಿಮ್ಮ ಫೋನಿಗೆ ಜೋಡಿಸಿದರೆ ನಡೆಯುತ್ತದಾ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.

ಪೇಟೆಗೆ ಹೊರಡುವ ಮೊದಲು ಊರಿನ ಭಜನಾ ಮಂಡಳಿಯ ಪೇಟಿ ಕೇಳಿ ಪಡೆಯಿರಿ. ನಿಮ್ಮ ನಾಲ್ಕು ಹಾಡು ನುಡಿಸಿ, ಬೆರಳು ತಲುಪಿದ ಅತಿ ಕೆಳಗಿನ ಕೀಯಿಂದ ಅತಿ ಮೇಲಿನ ಕೀವರೆಗೆ ಎಣಿಸಿ. ಆ ಸಂಖ್ಯೆ ಹಿಡಿದುಕೊಂಡು ಅಂಗಡಿಗೆ ಹೋಗಿ.