ಶಾಲಾ ಕ್ರಿಕೆಟ್ಟಿನ ಸ್ಕೋರ್ ಪುಸ್ತಕಗಳು

ಮುಂಬಯಿಯ ಶಾಲಾ ಹುಡುಗರು ಇಂದಿಗೂ ಯಾರ ಹೆಸರಿನ ಶೀಲ್ಡಿಗಾಗಿ ಸೆಣಸುತ್ತಾರೆಯೋ, ಆ ಲಾರ್ಡ್ ಹ್ಯಾರಿಸ್ ಭಾರತೀಯ ಆಟಗಾರರ ವಿಷಯದಲ್ಲಿ ಅಷ್ಟೇನೂ ಉದಾರಿಯಾಗಿರಲಿಲ್ಲ. 1890ರಿಂದ 1895ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಈತ ಸ್ವತಃ ಇಂಗ್ಲೆಂಡ್ ತಂಡದ ನಾಯಕನಾಗಿದ್ದವನು. ಬಿಳಿಯರ ಪೋಲೋ ಕುದುರೆಗಳು ಮೈದಾನದ ನೆಲವನ್ನು ಕೆದಕಿ ಹಾಳುಮಾಡುತ್ತಿವೆ, ನಮಗೆ ಆಡಲು ಜಾಗವಿಲ್ಲವೆಂದು ಸ್ಥಳೀಯ ಕ್ರಿಕೆಟ್ಟಿಗರು ಮನವಿಯ ಮೇಲೆ ಮನವಿ ಸಲ್ಲಿಸಿದರೂ ಕೊನೆಗೆ ಆತ ನಿಂತದ್ದು ಪೋಲೋದವರ ಕಡೆಗೇ. ಆದರೂ 1890ರ ದಶಕದಲ್ಲಿ ಹುಟ್ಟಿದ ಶಾಲಾ ಪಂದ್ಯಾವಳಿಗೆ ಆತನ ಹೆಸರೇ ಉಳಿದುಕೊಂಡಿತು. ಇತಿಹಾಸ ಯಾರನ್ನು ಯಾವ ಕಾರಣಕ್ಕೆ ನೆನಪಿಡುತ್ತದೆ ಎಂಬುದು ವಿಚಿತ್ರವೇ ಸರಿ.

ಹದಿನಾರು ವರ್ಷದೊಳಗಿನವರಿಗೆ ಹ್ಯಾರಿಸ್ ಶೀಲ್ಡ್, ಹದಿನಾಲ್ಕರೊಳಗಿನವರಿಗೆ ಗೈಲ್ಸ್ ಶೀಲ್ಡ್. ಆಜಾದ್ ಮೈದಾನದಲ್ಲಿ ಇಪ್ಪತ್ತೆರಡು ಪಿಚ್‌ಗಳಿವೆ. ಒಂದು ಪಂದ್ಯದ ಬೌಂಡರಿಯಲ್ಲಿ ನಿಂತ ಹುಡುಗ ಇನ್ನೊಂದು ಪಂದ್ಯದ ಅಂಪೈರನಿಗೆ ಬೆನ್ನು ತಾಗಿಸಿಕೊಂಡು ನಿಂತಿರುತ್ತಾನೆ. ಈ ಗದ್ದಲದ ನಡುವೆ ಡೇರೆಯ ನೆರಳಿನಲ್ಲಿ ಪೆನ್ಸಿಲ್ ಹಿಡಿದು ಕುಳಿತವನೇ ಸ್ಕೋರರ್. ಶಾಲಾ ಕ್ರಿಕೆಟ್ಟಿನ ಇತಿಹಾಸವನ್ನು ಬರೆಯುವವನು ಅವನೊಬ್ಬನೇ ಎಂದರೆ ಅತಿಶಯೋಕ್ತಿಯಾಗದು.

ಆ ಪೆನ್ಸಿಲ್ಲಿನ ಶಕ್ತಿ ಎಷ್ಟೆಂಬುದನ್ನು ಸಚಿನ್ ತೆಂಡೂಲ್ಕರ್ 2014ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಶಾಲಾ ಪಂದ್ಯಗಳಲ್ಲಿ ಮೂವತ್ತು ರನ್ ಮಾಡಿದವರ ಹೆಸರನ್ನಷ್ಟೇ ಪತ್ರಿಕೆ ಅಚ್ಚುಹಾಕುತ್ತಿದ್ದ ಕಾಲ. ಹುಡುಗ ಹೊಡೆದದ್ದು ಇಪ್ಪತ್ತನಾಲ್ಕು. ತಂಡಕ್ಕೆ ಇತರೆ ರನ್ನುಗಳು ಧಾರಾಳವಾಗಿ ಬಂದಿದ್ದವು. ಅದರಿಂದ ಆರನ್ನು ಎತ್ತಿ ಇವನ ಖಾತೆಗೆ ಹಾಕಿದರೆ ಒಟ್ಟು ಮೊತ್ತವೇನೂ ಬದಲಾಗುವುದಿಲ್ಲವೆಂದು ಸ್ಕೋರರ್ ಸೂಚಿಸಿದ, ಹುಡುಗ ಒಪ್ಪಿದ. ಮರುದಿನ ಹೆಸರೇನೋ ಬಂತು. ಗುರು ರಮಾಕಾಂತ ಅಚ್ರೇಕರರ ಕೋಪವೂ ಬಂತು. ಹೊಡೆಯದ ರನ್ನನ್ನು ತನ್ನದೆಂದು ಹೇಳಿಕೊಳ್ಳಬಾರದೆಂದು ಗದರಿಸಿದರಂತೆ. ಗಣಿತದ ಮೇಷ್ಟರಾದ ನನಗೆ ಈ ಪ್ರಸಂಗ ಬಹಳ ಇಷ್ಟ. ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಬಿ.ಎಡ್. ತರಗತಿಯಲ್ಲಿಯೂ ಯಾರೂ ಹೇಳಿಕೊಟ್ಟಿರಲಿಲ್ಲ.

ಪೆನ್ಸಿಲ್ಲಿನ ಸಂಶಯ ನಮ್ಮ ದೇಶಕ್ಕೆ ಸೀಮಿತವಲ್ಲ. 1899ರ ಜೂನ್‌ನಲ್ಲಿ ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜು ಶಾಲೆಯ ಹದಿಮೂರು ವರ್ಷದ ಎ.ಇ.ಜೆ. ಕಾಲಿನ್ಸ್ ಔಟಾಗದೆ 628 ರನ್ ಗಳಿಸಿದ. ಅದನ್ನು ದಾಖಲಿಸಿದ ಸ್ಕೋರರೇ, ಇಪ್ಪತ್ತು ಹೆಚ್ಚು ಇರಬಹುದು ಅಥವಾ ಕಡಮೆ ಇರಬಹುದು ಎಂಬರ್ಥದ ಮಾತನ್ನಾಡಿದನೆಂದು ಪ್ರತೀತಿ. ಆ ಹುಡುಗ 1914ರ ನವೆಂಬರಿನಲ್ಲಿ ಮೊದಲ ಮಹಾಯುದ್ಧದ ರಣರಂಗದಲ್ಲಿ ಮಡಿದ. ಅವನ ದಾಖಲೆಯಾದರೋ ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು.

ಇನ್ನು 1988ರ ಫೆಬ್ರವರಿ. ಹ್ಯಾರಿಸ್ ಶೀಲ್ಡಿನ ಸೆಮಿಫೈನಲ್. ಶಾರದಾಶ್ರಮ ವಿದ್ಯಾಮಂದಿರ ಮತ್ತು ಸೇಂಟ್ ಝೇವಿಯರ್ಸ್ ನಡುವೆ. ಸಚಿನ್ 326, ವಿನೋದ್ ಕಾಂಬ್ಳಿ 349, ಇಬ್ಬರೂ ಔಟಾಗದೆ, ಜೊತೆಯಾಟ 664. ಇದನ್ನು ಎಲ್ಲರೂ ಬಲ್ಲರು. ನಾನು ಓದುಗರ ಗಮನವನ್ನು ಸೆಳೆಯಬಯಸುವುದು ಅದೇ ಪುಟದ ಇನ್ನೊಂದು ಸಾಲಿನತ್ತ. ಮುಂದಿನ ಬ್ಯಾಟ್ಸ್‌ಮನ್ ಆಗಿ ಪ್ಯಾಡ್ ಕಟ್ಟಿಕೊಂಡು ಕಾದು ಕುಳಿತವನು ಹದಿಮೂರು ವರ್ಷದ ಅಮೋಲ್ ಮುಜುಂದಾರ್. ತಂಡ 2 ವಿಕೆಟ್ಟಿಗೆ 748 ರನ್ ಗಳಿಸಿ ಡಿಕ್ಲೇರ್ ಮಾಡಿತು. ಅವನ ಸರದಿ ಬರಲೇ ಇಲ್ಲ. ಮುಂದೆ 1994ರಲ್ಲಿ ರಣಜಿಯ ಮೊದಲ ಪಂದ್ಯದಲ್ಲಿಯೇ ಹರಿಯಾಣದ ವಿರುದ್ಧ 260 ಹೊಡೆದು, ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರನ್ ಕೂಡಿಸಿದರೂ ಭಾರತ ತಂಡದ ಕರೆ ಬರಲಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಮಹಿಳೆಯರು ವಿಶ್ವಕಪ್ ಗೆದ್ದಾಗ ಆ ತಂಡದ ತರಬೇತುದಾರರು ಇವರೇ. ಸ್ಕೋರ್ ಪುಸ್ತಕದಲ್ಲಿ ‘ಬ್ಯಾಟ್ ಮಾಡಲಿಲ್ಲ’ ಎಂಬ ಎರಡು ಪದಗಳನ್ನು ಕಂಡಾಗಲೆಲ್ಲ ನನಗೆ ಈ ಹುಡುಗನ ನೆನಪಾಗುತ್ತದೆ. ಅತ್ತ ಝೇವಿಯರ್ಸ್ ಪರವಾಗಿ ಬೌಲ್ ಮಾಡಿ ದಂಡಿಸಿಕೊಂಡವರಲ್ಲಿ ಒಬ್ಬ ಸಾಯಿರಾಜ್ ಬಹುತುಲೆ. 2001ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದ.

ಎಲ್ಲ ಸೋತವರಿಗೂ ಇಂಥ ಮುಂದಿನ ಪುಟ ಸಿಗುವುದಿಲ್ಲ. 2006ರ ನವೆಂಬರಿನಲ್ಲಿ ಹೈದರಾಬಾದಿನ ಇಬ್ಬರು ಹುಡುಗರು 721 ರನ್ನುಗಳ ಜೊತೆಯಾಟದಿಂದ ಆ 664ನ್ನು ಮುರಿದರು. ಎದುರಾಳಿ ಶಾಲೆ 21ಕ್ಕೆ ಮುಗಿಯಿತು. 2016ರ ಜನವರಿಯಲ್ಲಿ ಕಲ್ಯಾಣದ ಪ್ರಣವ್ ಧನವಡೆ ಔಟಾಗದೆ 1009 ಗಳಿಸಿದ. ಅವನ ಶಾಲೆಯ ಮೊತ್ತ 3 ವಿಕೆಟ್ಟಿಗೆ 1465, ಎದುರಾಳಿಗಳದು 31 ಮತ್ತು 52. ನಾನು ಆ ಸುದ್ದಿಯನ್ನು ಓದಿದ ದಿನ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಆ ಹನ್ನೊಂದು ಮಕ್ಕಳು ಮನೆಗೆ ಹೋಗಿ ಏನು ಹೇಳಿದರೋ!

ಇಷ್ಟೆಲ್ಲ ಬರೆಯಲು ನನಗೆ ಒಂದು ಸಣ್ಣ ಅಧಿಕಾರವಿದೆ. ಮುಂಬಯಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ, 1994-95ರ ಋತುವಿನಲ್ಲಿ ನಮ್ಮ ತಂಡದ ಸ್ಕೋರರ್ ನಾನೇ. ಹೋಟೆಲು, ಗೋದಿ, ಗಿರಣಿಗಳಲ್ಲಿ ದುಡಿಯುವವರ ಮಕ್ಕಳು. ಇಡೀ ತಂಡಕ್ಕೆ ಮೂರು ಜೊತೆ ಪ್ಯಾಡು. ಸ್ನೇಹಪಂದ್ಯಗಳೂ ಸೇರಿ ಆಡಿದ ಆರರಲ್ಲಿ ಗೆದ್ದದ್ದು ಒಂದು. ಯಾವ ಪತ್ರಿಕೆಗೂ ನಾವು ಬೇಕಾಗಿರಲಿಲ್ಲವಾದ್ದರಿಂದ ಪ್ರತಿ ಪಂದ್ಯದ ಮರುದಿನ ಶಾಲೆಯ ಸೂಚನಾ ಫಲಕದ ಮೇಲೆ ಒಂದು ಪುಟದ ವರದಿಯನ್ನು ಕನ್ನಡದಲ್ಲಿ ಬರೆದು ಅಂಟಿಸುತ್ತಿದ್ದೆ. ಪ್ರಾರ್ಥನೆಗೆ ಮುಂಚೆ ಮಕ್ಕಳು ಮುಗಿಬಿದ್ದು ಓದುತ್ತಿದ್ದರು.

ಬರೆಯುವಾಗ ಎದುರಾದ ತೊಡಕು ಭಾಷೆಯದಲ್ಲ. ಕ್ಯಾಚ್ ಹಿಡಿದವನ ಹೆಸರನ್ನು ಬರೆಯುವುದು ಸುಲಭ, ಕೈಚೆಲ್ಲಿದವನದು? ಹದಿನಾಲ್ಕು ವರ್ಷದ ಹುಡುಗ, ಅದೂ ತಂಗಿ ಅದೇ ಶಾಲೆಯಲ್ಲಿ ಓದುತ್ತಿರುವವನು. ಹೆಸರನ್ನು ಬಿಟ್ಟರೆ ನಾನೂ ಒಂದು ಬಗೆಯಲ್ಲಿ ಆರು ರನ್ ಸೇರಿಸಿದಂತಲ್ಲವೇ ಎಂದು ಯೋಚಿಸಿದೆ. ಅಲ್ಲವೆಂದೇ ಈಗಲೂ ನನ್ನ ಅಭಿಪ್ರಾಯ. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟೆ, ಹೆಸರು ಸಹಿತ, ಓವರ್ ಸಹಿತ. ಫಲಕದ ಮೇಲೆ ‘ಒಂದು ಅವಕಾಶ ತಪ್ಪಿತು’ ಎಂದಷ್ಟೇ ಬರೆದೆ. ಸಹೋದ್ಯೋಗಿಯೊಬ್ಬರು ಇದನ್ನು ಹೇಡಿತನವೆಂದರು. ಅವರು ಸ್ವತಃ ಎಂದೂ ಮೈದಾನಕ್ಕೆ ಬಂದವರಲ್ಲ.

ಮಹಾನಗರದ ಕನ್ನಡ ಶಾಲೆಗಳು ಒಂದೊಂದಾಗಿ ಕ್ಷೀಣಿಸುತ್ತಾ ಬಂದುದನ್ನು ಬಲ್ಲವರು ಬಲ್ಲರು. ನಮ್ಮ ಶಾಲೆಯಲ್ಲಿಯೂ ಹನ್ನೊಂದು ಜನರ ತಂಡ ಕಟ್ಟುವುದು ಕಷ್ಟವಾಗಿ ಕ್ರಿಕೆಟ್ ನಿಂತಿತು. ಹಳೆಯ ಕಡತಗಳು ರದ್ದಿಗೆ ಹೋದವು. ಆ ಋತುವಿನ ನೋಟ್‌ಬುಕ್ಕು ನನ್ನ ಕಪಾಟಿನಲ್ಲಿದ್ದುದರಿಂದ ಉಳಿಯಿತು.

ಕಳೆದ ದೀಪಾವಳಿಯಂದು ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ಅವನದು ಠಾಣೆಯಲ್ಲಿ ಕ್ಯಾಂಟೀನು. ‘ಸರ್, ನಾವು ಗೆದ್ದೆವಲ್ಲ, ಆ ಮ್ಯಾಚಿನ ಪುಟ ಇದೆಯೇ? ಮಗ ನಂಬುತ್ತಿಲ್ಲ’ ಎಂದ. ಪುಟದ ಫೋಟೋ ತೆಗೆದು ಕಳುಹಿಸಿದೆ. ಹನ್ನೊಂದನೆಯ ಸಾಲಿನಲ್ಲಿ ಅವನ ಹೆಸರು, ಮುಂದೆ ‘ಔಟಾಗದೆ 4’. ಹತ್ತು ನಿಮಿಷದಲ್ಲಿ ಉತ್ತರ ಬಂತು: ಆ ನಾಲ್ಕು ರನ್ ಒಂದೇ ಹೊಡೆತದಲ್ಲಿ ಬಂದವೆಂದು ಮಗನಿಗೆ ತಿಳಿಸಬೇಕಂತೆ. ನೋಟ್‌ಬುಕ್ಕು ತೆರೆದು ನೋಡಿದೆ. ಎರಡು, ಒಂದು, ಒಂದು ಎಂದಿತ್ತು. ಹಾಗೆಯೇ ಬರೆದು ಕಳುಹಿಸಿದೆ.